ಕಯೋಟಿ ಶಿಕಾರಿಗೆ ಯಾವ ಕ್ಯಾಲಿಬರ್? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಇರುವುದು ಅಮೆರಿಕದ ಕಾನ್ಸಸ್ ರಾಜ್ಯದ ಪಶ್ಚಿಮದಲ್ಲಿ. ಗೋಧಿ ಹೊಲ, ದನದ ಹುಲ್ಲುಗಾವಲು, ಮಿಕ್ಕಿದ್ದೆಲ್ಲ ಗಾಳಿ. ಹುಟ್ಟಿದ್ದು ಸಕಲೇಶಪುರದ ಕಡೆ. ಅಜ್ಜನ ತೋಟಾ ಕೋವಿಗೆ ಎಣ್ಣೆ ಒರೆಸುವುದನ್ನು ನೋಡಿ ಬೆಳೆದವನು. ಇಲ್ಲಿ ಪಕ್ಕದ ರ‍್ಯಾಂಚಿನವರ ಜೊತೆ ಚಳಿಗಾಲದಲ್ಲಿ ಕಯೋಟಿ ಶಿಕಾರಿಗೆ ಹೋಗುತ್ತೇನೆ ಅಂತ ಗೊತ್ತಾದ ಮೇಲೆ ಡಲ್ಲಾಸ್, ಡೆನ್ವರ್, ಬೇ ಏರಿಯಾ ಎಲ್ಲ ಕಡೆಯಿಂದ ನಮ್ಮವರು ಫೋನ್ ಮಾಡಿ ಕೇಳುತ್ತಲೇ ಇರುತ್ತಾರೆ. ಕನ್ನಡ ಕೂಟದ ಸಂಕ್ರಾಂತಿ ಊಟಕ್ಕೆ ಹೋದರೂ ಅದೇ ಮಾತು. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ. ಪ್ರಶ್ನೆಗಳು ಅವರು ಕೇಳಿದ ಹಾಗೇ ಇವೆ.

## ಕೋವಿ ಮುಟ್ಟುವ ಮೊದಲು

ಕಯೋಟಿ ಅಂದ್ರೆ ನಮ್ಮ ನರಿನಾ, ತೋಳನಾ?

ಎರಡೂ ಅಲ್ಲ, ಆದರೆ ಎರಡಕ್ಕೂ ನೆಂಟ. ನಮ್ಮ ಗುಳ್ಳೆನರಿಗಿಂತ ದೊಡ್ಡದು, ತೋಳಕ್ಕಿಂತ ಚಿಕ್ಕದು. ತೂಕ 9ರಿಂದ 20 ಕಿಲೋ. ಆದರೆ ಚಳಿಗಾಲದ ದಪ್ಪ ತುಪ್ಪಳದಲ್ಲಿ ನೋಡಿದರೆ 30 ಕಿಲೋ ಇರಬೇಕು ಅನ್ನಿಸುತ್ತದೆ. ಹೊಡೆದು ಕೈಲಿ ಎತ್ತಿದಾಗ ‘ಇಷ್ಟೇನಾ?’ ಅಂತ ಆಗುವುದು ಎಲ್ಲರಿಗೂ ಸಹಜ. ಕ್ಯಾಲಿಬರ್, ಅಂದರೆ ಗುಂಡಿನ ಅಳತೆ, ಆರಿಸುವಾಗ ಇದನ್ನು ಮರೆಯಬೇಡಿ. ತುಪ್ಪಳದ ಒಳಗಿರುವುದು ಒಂದು ಸಾಧಾರಣ ನಾಯಿಯ ಮೈ. ಶ್ವಾಸಕೋಶ, ಹೃದಯ ಇರುವ ಜಾಗ ಒಂದು ಪೂರಿಯಷ್ಟು ಅಗಲ, ಅಷ್ಟೇ.

ಇಲ್ಲಿನ ಹಳಬರು ಇದನ್ನು ‘ಕೈಯೋಟ್’ ಅನ್ನುತ್ತಾರೆ. ನೀವು ‘ಕಯೋಟಿ’ ಅಂದರೆ ಪೇಟೆಯವನು ಅಂತ ಗೊತ್ತಾಗಿಬಿಡುತ್ತದೆ.

ಸುಮ್ನೆ ಇರೋ ಪ್ರಾಣೀನ ಯಾಕೆ ಹೊಡೀಬೇಕು?

ಈ ಪ್ರಶ್ನೆ ಹೆಚ್ಚಾಗಿ ಬರುವುದು ಮನೆಯವರಿಂದ, ಶಿಕಾರಿಗೆ ಹೊರಟವರಿಂದ ಅಲ್ಲ. ನ್ಯಾಯವಾದ ಪ್ರಶ್ನೆಯೇ. ಕರು, ಕುರಿಮರಿ ಹುಟ್ಟುವ ಹೊತ್ತಿನಲ್ಲಿ ರ‍್ಯಾಂಚಿನವರಿಗೆ ಕಯೋಟಿಯಿಂದ ನಷ್ಟ ಆಗುವುದು ನಿಜ. ಕಯೋಟಿ ಹೊಡೆದರೆ ಸಂತತಿ ಮುಗಿಯುತ್ತದೆ ಅನ್ನುವುದು ಮಾತ್ರ ಸುಳ್ಳು. ಒಂದು ಜಾಗ ಖಾಲಿಯಾದರೆ ಪಕ್ಕದ್ದು ಬಂದು ಸೇರುತ್ತದೆ. ನೂರಾರು ವರ್ಷ ಹೊಡೆದರೂ ಅದು ಈಗ ಹವಾಯಿ ಬಿಟ್ಟು ಅಮೆರಿಕದ ಎಲ್ಲ ರಾಜ್ಯದಲ್ಲೂ ಇದೆ. ಹಾಗಾಗಿ ನಾನು ‘ಪರಿಸರ ಕಾಪಾಡ್ತಿದ್ದೀನಿ’ ಅಂತೆಲ್ಲ ಹೇಳುವುದಿಲ್ಲ. ಪಕ್ಕದವರ ಕರು ಹಾಕುವ ಹುಲ್ಲುಗಾವಲಿನ ಸುತ್ತ ಹೊಡೆಯುತ್ತೇನೆ, ಚರ್ಮ ಬಳಸುತ್ತೇನೆ. ಒಪ್ಪದವರ ಜೊತೆ ವಾದಕ್ಕೆ ಇಳಿಯುವುದಿಲ್ಲ.

ನಾನಿನ್ನೂ ಎಚ್-1ಬಿ ಮೇಲೆ ಇದ್ದೀನಿ, ರೈಫಲ್ ಇಟ್ಕೋಬಹುದಾ?

ಕ್ಯಾಲಿಬರ್ ಕೇಳುವ ಮೊದಲು ಕೇಳಬೇಕಾದ ಪ್ರಶ್ನೆ ಇದು. ಎಚ್-1ಬಿ, ಎಫ್-1 ತರದ ವಲಸೆಯೇತರ ವೀಸಾದಲ್ಲಿ ಬಂದವರು ಕೋವಿ ಅಥವಾ ತೋಟೆ ಇಟ್ಟುಕೊಳ್ಳುವುದನ್ನು ಅಮೆರಿಕದ ಕೇಂದ್ರ ಕಾನೂನು ನಿಷೇಧಿಸುತ್ತದೆ. ಒಂದೇ ಒಂದು ತೋಟೆ ಆದರೂ ಅಪರಾಧವೇ. ಇದಕ್ಕೆ ಕೆಲವು ವಿನಾಯಿತಿ ಇವೆ. ನಮ್ಮಂಥವರಿಗೆ ಉಪಯೋಗಕ್ಕೆ ಬರುವುದು ಅಮೆರಿಕದಲ್ಲಿ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್. ‘ಚಾಲ್ತಿಯಲ್ಲಿರುವ’ ಅನ್ನುವ ಪದದ ಕೆಳಗೆ ಗೆರೆ ಎಳೆದುಕೊಳ್ಳಿ. ಲೈಸೆನ್ಸ್ ಮುಗಿದ ಮರುದಿನ ಬೀರುವಿನಲ್ಲಿರುವ ಕೋವಿಯೇ ಕೇಸಾಗಬಹುದು. ಗ್ರೀನ್ ಕಾರ್ಡ್ ಇದ್ದವರಿಗೆ ಈ ನಿಷೇಧ ಇಲ್ಲ.

ಇದರ ಮೇಲೆ ರಾಜ್ಯದ ಕಾನೂನು ಬೇರೆ ಇರುತ್ತದೆ, ಕೆಲವು ಕಡೆ ಇನ್ನೂ ಬಿಗಿ. ಅಂಗಡಿಯಲ್ಲಿ ತುಂಬುವ ಫಾರ್ಮಿನಲ್ಲಿ ಸುಳ್ಳು ಬರೆದರೆ ಅದೇ ಒಂದು ಅಪರಾಧ. ವೀಸಾ ಮೇಲೆ ಇರುವವರು ನನ್ನ ಮಾತು ನಂಬಿ ಕೊಳ್ಳಬೇಡಿ. ವಲಸೆ ವಕೀಲರಿಗೆ ಒಂದು ಗಂಟೆಯ ಫೀಸು ಕೊಟ್ಟು ಕೇಳಿ, ರೈಫಲ್‌ಗಿಂತ ಅಗ್ಗವೇ ಆಗುತ್ತದೆ.

ಈ .223, .22-250, .243 ಅನ್ನೋ ನಂಬರ್‌ಗಳಿಗೆ ಏನರ್ಥ?

ಶುರುವಿನ ಅಂಕಿ ಇಂಚಿನ ಲೆಕ್ಕದಲ್ಲಿ ಗುಂಡಿನ ಅಗಲ, ಹೆಚ್ಚುಕಡಿಮೆ. ಆಮೇಲಿನದ್ದೆಲ್ಲ ಹೆಸರಿಟ್ಟವರ ಇಷ್ಟ. ಉದಾಹರಣೆಗೆ .223 ಮತ್ತು .22-250 ಎರಡರ ಗುಂಡೂ ಒಂದೇ ಅಗಲ, .224 ಇಂಚು, ಅಂದರೆ 5.7 ಮಿಲಿಮೀಟರ್. ವ್ಯತ್ಯಾಸ ಹಿಂದಿನ ತೋಟೆಯಲ್ಲಿ. .22-250ರಲ್ಲಿ ಮದ್ದು ಜಾಸ್ತಿ ಹಿಡಿಯುತ್ತದೆ, ಗುಂಡು ಜೋರಾಗಿ ಹೋಗುತ್ತದೆ. ‘250’ ಯಾಕೆ ಅಂದರೆ 1915ರ .250 ಸ್ಯಾವೇಜ್ ತೋಟೆಯ ಕತ್ತು ಕಿರಿದು ಮಾಡಿ ಇದನ್ನು ಮಾಡಿದ್ದು. ಕೋವಿ ಕಮ್ಮಾರರು 1930ರ ದಶಕದಿಂದ ಮನೆಯಲ್ಲೇ ಮಾಡಿಕೊಳ್ಳುತ್ತಿದ್ದರು. ರೆಮಿಂಗ್ಟನ್ ಕಂಪನಿ ಕಾರ್ಖಾನೆಯಲ್ಲಿ ತಯಾರಿಸಲು ಶುರುಮಾಡಿದ್ದು 1965ರಲ್ಲಿ.

ಗುಂಡಿನ ತೂಕಕ್ಕೆ ಗ್ರೇನ್ ಅನ್ನುತ್ತಾರೆ. ಒಂದು ಗ್ರೇನ್ ಅಂದರೆ ನಮ್ಮ ಗುಲಗಂಜಿಯ ಅರ್ಧದಷ್ಟು. 55 ಗ್ರೇನ್ ಗುಂಡು ಅಂದರೆ ಮೂರೂವರೆ ಗ್ರಾಂ. ಅಕ್ಕಸಾಲಿಗರ ತಕ್ಕಡಿಯಲ್ಲಿ ಇಟ್ಟರೆ ಸುಮಾರು 30 ಗುಲಗಂಜಿ ತೂಗುತ್ತದೆ. ಇಷ್ಟು ಚಿಕ್ಕದು ಇಷ್ಟು ಕೆಲಸ ಮಾಡುವುದು ಬರೀ ವೇಗದಿಂದ.

## ಯಾವುದು ತಗೊಳ್ಳಲಿ?

ಕಥೆ ಬೇಡ, ಒಂದೇ ಮಾತಲ್ಲಿ ಹೇಳಿ.

.223 ರೆಮಿಂಗ್ಟನ್.

ಸರಿ, ಯಾಕೆ .223 ಅಂತ ಸ್ವಲ್ಪ ಬಿಡಿಸಿ ಹೇಳಿ.

ನೀವು ಎಷ್ಟು ದೂರದಲ್ಲಿ ಹೊಡೆಯುತ್ತೀರಿ ಅನ್ನುವುದರ ಮೇಲೆ ಕ್ಯಾಲಿಬರ್ ನಿಂತಿದೆ. ಜನ ಇದನ್ನು ತಿರುಗುಮುರುಗು ಮಾಡುತ್ತಾರೆ. ಮೊದಲು ಕ್ಯಾಲಿಬರ್ ಆರಿಸಿ, ಆಮೇಲೆ ಅದಕ್ಕೆ ತಕ್ಕ ದೂರ ಹುಡುಕಿಕೊಂಡು ಹೋಗುತ್ತಾರೆ.

ಕಯೋಟಿಯನ್ನು ಅಟ್ಟಿಸಿಕೊಂಡು ಹೋಗಿ ಹೊಡೆಯುವುದಿಲ್ಲ, ಕರೆಯುತ್ತಾರೆ. ಗಾಳಿಗೆ ಎದುರಾಗಿ ಪೊದೆಯ ಪಕ್ಕ ಕೂತು ಗಾಯವಾದ ಮೊಲದ ಹಾಗೆ ಕೂಗು ಹಾಕಬೇಕು. ಬಾಯಲ್ಲಿ ಊದುವ ಕೊಳವೆ ಇದೆ, ರಿಮೋಟಿನ ಸ್ಪೀಕರ್ ಕೂಡ ಇದೆ. 15-20 ನಿಮಿಷದೊಳಗೆ ಬಂದರೆ ಬಂತು. ಬಂದದ್ದು ಸೀದಾ ಬರುವುದಿಲ್ಲ. ಸುತ್ತು ಹಾಕಿ ಗಾಳಿ ಹಿಡಿಯಲು ನೋಡುತ್ತದೆ. ಕಳೆದ ಜನವರಿಯಲ್ಲಿ ಒಂದು ಬೆಳಿಗ್ಗೆ ನಾನು ನೋಡುತ್ತಿದ್ದ ಕಣಿವೆ ಖಾಲಿ ಇತ್ತು. ಎಡಗಡೆ ಒಣಹುಲ್ಲಿನಲ್ಲಿ ಎರಡು ಕಿವಿ ಕಂಡವು, ಕಿವಿಯ ತುದಿಯ ಮೇಲೆ ಇಬ್ಬನಿ ಗಟ್ಟಿಯಾಗಿತ್ತು. ಅಷ್ಟು ಹತ್ತಿರ. ಆಮೇಲೆ ಹೆಜ್ಜೆ ಹಾಕಿ ಅಳೆದೆ, 42 ಗಜ.

ಕರೆದು ಹೊಡೆಯುವವರ ಹೆಚ್ಚಿನ ಈಡುಗಳು 200 ಗಜದ ಒಳಗೇ ಆಗುತ್ತವೆ. ಅಷ್ಟು ದೂರಕ್ಕೆ .223ರ 55 ಗ್ರೇನ್ ಗುಂಡು ಬೇಕಾದಷ್ಟಾಯಿತು. ನಳಿಗೆ ಬಿಡುವಾಗ ಅದರ ವೇಗ ಸೆಕೆಂಡಿಗೆ ಸುಮಾರು 3,240 ಅಡಿ. ಹೊಡೆತ ಭುಜಕ್ಕೆ ತಾಗಿದ್ದೇ ಗೊತ್ತಾಗುವುದಿಲ್ಲ, ಹಾಗಾಗಿ ಗುಂಡು ಎಲ್ಲಿ ಬಿತ್ತು ಅಂತ ಕೋವಿ ಮೇಲಿನ ದುರ್ಬೀನಿನಲ್ಲೇ (ಸ್ಕೋಪ್) ಕಾಣುತ್ತದೆ. ಎಲ್ಲಕ್ಕಿಂತ ಮುಖ್ಯ, ತಳದ ನಡುವೆ ಪೆಟ್ಟು ಬಿದ್ದು ಹಾರುವ (ಸೆಂಟರ್‌ಫೈರ್) ತೋಟೆಗಳಲ್ಲಿ ಇದು ಅಗ್ಗ, ಯಾವ ಊರಿನ ಅಂಗಡಿಯಲ್ಲೂ ಸಿಗುತ್ತದೆ. ಉಳಿದ ದುಡ್ಡಲ್ಲಿ ಇನ್ನೂ ಎರಡು ಡಬ್ಬಿ ತಗೊಂಡು ಅಭ್ಯಾಸ ಮಾಡಿ. ವರ್ಷಕ್ಕೆ 20 ಗುಂಡು ಹೊಡೆಯುವವನ ಕೈಲಿರುವ .22-250ಗಿಂತ 300 ಗುಂಡು ಹೊಡೆಯುವವನ .223 ಜಾಸ್ತಿ ಕೆಲಸ ಮಾಡುತ್ತದೆ.

ಮನೇಲಿ .22 ಇದೆ. ಅದೇ ಸಾಲಲ್ವಾ?

ಸಾಲದು. ಸಾಧಾರಣ .22 ಲಾಂಗ್ ರೈಫಲ್ ಮೊಲಕ್ಕೆ, ಅಳಿಲಿಗೆ ಸರಿ. ಕಯೋಟಿ ಅದರಿಂದ ಸಾಯುವುದೇ ಇಲ್ಲ ಅಂತಲ್ಲ. ಸಾಯಲು ಎಷ್ಟು ಹೊತ್ತು ಬೇಕು, ಎಲ್ಲಿ ಹೋಗಿ ಬೀಳುತ್ತದೆ ಅನ್ನುವುದೇ ಪ್ರಶ್ನೆ.

.22 ಮ್ಯಾಗ್ನಮ್ ಸ್ವಲ್ಪ ಮೇಲು. 40 ಗ್ರೇನ್ ಗುಂಡು, ಸೆಕೆಂಡಿಗೆ 1,900 ಅಡಿಯ ಆಸುಪಾಸು. ಶುರುವಿನಲ್ಲಿ ನಾನೂ ಇದೇ ಇಟ್ಟುಕೊಂಡಿದ್ದೆ. ಮೊದಲ ಚಳಿಗಾಲದಲ್ಲಿ 130 ಗಜಕ್ಕೆ ಒಂದನ್ನು ಹೊಡೆದೆ. ಪಕ್ಕೆಗೆ ಬಿದ್ದದ್ದು ಸ್ಪಷ್ಟವಾಗಿ ಕೇಳಿಸಿತು, ಒದ್ದೆ ಗೋಣಿಗೆ ಕೋಲಲ್ಲಿ ಬಡಿದ ಹಾಗೆ. ಅದು ಒಂದು ಸುತ್ತು ತಿರುಗಿ ತನ್ನ ಪಕ್ಕೆಯನ್ನೇ ಕಚ್ಚಿಕೊಂಡು ಓಡಿತು. ಕತ್ತಲಾಗುವವರೆಗೆ ಹುಡುಕಿದೆ. ಹಿಮದ ಮೇಲೆ ಅಲ್ಲೊಂದು ಇಲ್ಲೊಂದು ಹನಿ, ಆಮೇಲೆ ಅದೂ ಇಲ್ಲ. ಅದರ ಮುಂದಿನ ವಾರವೇ ಆ ಕೋವಿ ಮಾರಿದೆ. ಮ್ಯಾಗ್ನಮ್ಮೇ ಬೇಕು ಅಂದರೆ 75-80 ಗಜದೊಳಗೆ, ನಿಂತ ಪ್ರಾಣಿಗೆ ಮಾತ್ರ. .17 ಎಚ್‌ಎಂಆರ್ ಅಂತೂ 17 ಗ್ರೇನ್ ಗುಂಡು. ಅದನ್ನು ಚಿಕ್ಕ ನರಿಗೆ, ರಕೂನಿಗೆ ಇಟ್ಟುಕೊಳ್ಳಿ.

ಊರಲ್ಲಿ ಎಲ್ಲಾದಕ್ಕೂ 12 ಬೋರ್ ಅಲ್ವಾ? ಇಲ್ಲಿ ಅದು ನಡೆಯಲ್ವಾ?

ನಡೆಯುತ್ತದೆ, ಜಾಗ ನೋಡಿಕೊಂಡು. ಪೂರ್ವದ ರಾಜ್ಯಗಳ ದಟ್ಟ ಕಾಡಿನಲ್ಲಿ 40 ಗಜದೊಳಗೆ ನುಗ್ಗಿ ಬರುವ ಕಯೋಟಿಗೆ ದಪ್ಪ ಚರೆ ಹಾಕಿದ 12 ಬೋರ್‌ನಷ್ಟು ಒಳ್ಳೆಯದು ಇನ್ನೊಂದಿಲ್ಲ. ಓಡುವ ಪ್ರಾಣಿಗೆ ಸ್ಕೋಪ್ ಹುಡುಕುತ್ತಾ ಕೂರುವ ಕೆಲಸವೂ ಇಲ್ಲ. ಬಯಲಲ್ಲಿ ಮಾತ್ರ ಅದನ್ನು ಹಿಡಿದು ಕೂತರೆ 100 ಗಜ ದೂರ ನಿಂತು ನಿಮ್ಮನ್ನೇ ನೋಡುವ ಕಯೋಟಿಗೆ ಕೈ ಮುಗಿದು ಬರಬೇಕು.

.22-250 ಅಂದ ಕೂಡಲೇ ಎಲ್ಲರ ಕಣ್ಣು ಅರಳುತ್ತಲ್ಲ, ಅಂಥದ್ದೇನಿದೆ ಅದರಲ್ಲಿ?

ನೇರ ಹೋಗುವ ಗುಣ. ಅದೇ 55 ಗ್ರೇನ್ ಗುಂಡು ಇದರಲ್ಲಿ ಸೆಕೆಂಡಿಗೆ ಸುಮಾರು 3,680 ಅಡಿ ಹೋಗುತ್ತದೆ. ಎರಡೂ ಕೋವಿಯನ್ನು 200 ಗಜಕ್ಕೆ ಸರಿಯಾಗಿ ಬೀಳುವ ಹಾಗೆ ಗುರಿ ಕಟ್ಟಿ 300 ಗಜಕ್ಕೆ ಹೊಡೆದರೆ .223ರ ಗುಂಡು ಸುಮಾರು 7 ಇಂಚು ಕೆಳಗೆ ಬೀಳುತ್ತದೆ, .22-250ರದ್ದು 5ರ ಹತ್ತಿರ. ಕಾಗದದ ಮೇಲೆ ಎರಡೇ ಇಂಚು. ಪೂರಿಯಷ್ಟು ಗುರಿಗೆ ಎರಡು ಇಂಚು ದೊಡ್ಡದೇ. ನಮ್ಮ ಕಡೆಯ ತೆರೆದ ಬಯಲಲ್ಲಿ, ವ್ಯೋಮಿಂಗ್, ಮೊಂಟಾನಾದಲ್ಲಿ 250-350 ಗಜದ ಈಡು ಮಾಮೂಲು. ಅಲ್ಲಿ ಇದು ರಾಜ.

ಬೆಲೆ ತೆರಬೇಕಾದ ಜಾಗವೂ ಇದೆ. ತೋಟೆ ದುಬಾರಿ, ಸದ್ದು ಜಾಸ್ತಿ, ನಳಿಗೆ ಬೇಗ ಸವೆಯುತ್ತದೆ. ಹತ್ತಿರದಿಂದ ಹೊಡೆದರೆ ಚರ್ಮ ಹರಿದುಹೋಗುತ್ತದೆ. ನನ್ನ ಹತ್ತಿರ ಎರಡೂ ಇವೆ. ಯಾವುದನ್ನು ಜಾಸ್ತಿ ಹೊರಗೆ ತೆಗೆಯುತ್ತೇನೆ ಅಂತ ನಿಜ ಹೇಳಬೇಕಾದರೆ, .223.

.204 ರೂಗರ್ ಹೊಸದು, ಜೋರು ಅಂತಾರೆ?

ಅಂಥ ಹೊಸದೇನಲ್ಲ, 2004ರದ್ದು. 32 ಗ್ರೇನಿನ ಗುಂಡು ಸೆಕೆಂಡಿಗೆ 4,200 ಅಡಿ ದಾಟುತ್ತದೆ. ಚರ್ಮ ಉಳಿಸುವವರಿಗೆ ಇಷ್ಟ, ಯಾಕೆಂದರೆ ಗುಂಡು ಒಳಗೇ ಪುಡಿಯಾಗಿ ಹೊರಗೆ ಬರುವುದು ಕಡಿಮೆ. ಕಯೋಟಿಗೆ 32ರ ಬದಲು 40 ಗ್ರೇನ್ ತಗೊಳ್ಳಿ. ಹಗುರ ಗುಂಡು ಭುಜದ ಮೂಳೆಗೆ ಬಿದ್ದರೆ ಮೇಲೆ ಮೇಲೆಯೇ ಒಡೆದು, ಒಳಗೆ ಇಳಿಯದೆ ದೊಡ್ಡ ಗಾಯ ಮಾಡಿ ಬಿಡುವುದುಂಟು. ಚಿಕ್ಕ ಊರಿನ ಅಂಗಡಿಯಲ್ಲಿ ಇದರ ತೋಟೆ ಸಿಗುತ್ತದೆ ಅಂತ ನಂಬಿಕೊಂಡು ಹೊರಡಬೇಡಿ.

.243 ತಗೊಂಡ್ರೆ ಜಿಂಕೆಗೂ ಆಗುತ್ತಂತೆ. ಒಂದೇ ಕೋವಿ ಸಾಕು ಅಂತ ಮನೇಲಿ ಹೇಳಿದಾರೆ.

ಮನೆಯಲ್ಲಿ ಸರಿಯಾಗೇ ಹೇಳಿದ್ದಾರೆ. 1955ರಲ್ಲಿ ವಿಂಚೆಸ್ಟರ್ ಕಂಪನಿ .308 ತೋಟೆಯ ಕತ್ತು ಕಿರಿದು ಮಾಡಿ ಇದನ್ನು ತಂದದ್ದೇ ಎರಡು ಕೆಲಸಕ್ಕೆ. 58 ಗ್ರೇನ್ ಹಾಕಿದರೆ ಕಯೋಟಿಗೆ, 95-100 ಗ್ರೇನ್ ಹಾಕಿದರೆ ಜಿಂಕೆಗೆ. ಕೊಲೊರಾಡೊದಂಥ ರಾಜ್ಯಗಳಲ್ಲಿ ಜಿಂಕೆಗೆ .24ಕ್ಕಿಂತ ಕಡಿಮೆ ಅಗಲದ ಗುಂಡು ಬಳಸುವ ಹಾಗಿಲ್ಲ. ಡೆನ್ವರ್ ಕಡೆಯವರು .223 ತಗೊಂಡು ಆಮೇಲೆ ಪೇಚಾಡುವುದು ಇದಕ್ಕೇ. ಒಂದು ಕಿರಿಕಿರಿ ಇದೆ. ಗುಂಡು ಬದಲಿಸಿದಾಗಲೆಲ್ಲ ಅದು ಬೀಳುವ ಜಾಗ ಬದಲಾಗುತ್ತದೆ, ಮತ್ತೆ ಗುರಿ ಕಟ್ಟಬೇಕು. ಸೋಮಾರಿತನ ಮಾಡಿ ಹಾಗೇ ಹೋದರೆ ತಪ್ಪುವುದು ಖಾತ್ರಿ.

6.5 ಕ್ರೀಡ್‌ಮೂರ್ ಅನ್ನುವ ಇನ್ನೂ ದೊಡ್ಡ ಕ್ಯಾಲಿಬರ್ ಈಗಾಗಲೇ ಇದ್ದವರು ಅದರಲ್ಲೇ ಶುರುಮಾಡಿ. ಪ್ರಾಣಿಗೆ ಬೇಕಾದ್ದಕ್ಕಿಂತ ಜಾಸ್ತಿ, ಚರ್ಮದ ಆಸೆ ಬಿಡಬೇಕು, ಅಷ್ಟೇ. ಕಯೋಟಿಗೆಂದೇ ಹೊಸದಾಗಿ ಕೊಳ್ಳಬೇಡಿ.

.223, 5.56 ಎರಡೂ ಒಂದೇ ಅಂತ ಅಂಗಡಿಯವನು ಹೇಳಿದ. ಹೌದಾ?

ನೋಡಲು ಒಂದೇ, ಒಳಗೆ ಒಂದೇ ಅಲ್ಲ. 5.56 ಸೈನ್ಯದ ತೋಟೆ, ಅದರ ಕೋವಿಯಲ್ಲಿ ತೋಟೆ ಕೂರುವ ಕೋಣೆಯೊಳಗೆ ಗುಂಡಿನ ಮುಂದೆ ಸ್ವಲ್ಪ ಜಾಗ ಜಾಸ್ತಿ. ‘5.56’ ಅಂತ ಕೆತ್ತಿದ ನಳಿಗೆಯಲ್ಲಿ ಎರಡನ್ನೂ ಹಾಕಬಹುದು. ‘.223’ ಅಂತ ಮಾತ್ರ ಇದ್ದರೆ 5.56 ಹಾಕಬೇಡಿ, ಒತ್ತಡ ಮಿತಿ ಮೀರಬಹುದು. ಅಂಗಡಿಯವರ ಮಾತು ಬಿಡಿ, ನಳಿಗೆಯ ಮೇಲೆ ಕೆತ್ತಿದ್ದನ್ನು ಓದಿ.

## ಒಂದೆರಡು ಚಳಿಗಾಲ ಕಳೆದವರಿಗೆ

ಚರ್ಮ ಹಾಳಾಗದ ಹಾಗೆ ಹೊಡೆಯೋದು ಹೇಗೆ?

ಕ್ಯಾಲಿಬರ್‌ಗಿಂತ ಇಲ್ಲಿ ಗುಂಡಿನ ಜಾತಿ ಮುಖ್ಯ. ನಮಗೆ ಬೇಕಾದದ್ದು ಚಿಕ್ಕ ತೂತಿನಲ್ಲಿ ಒಳಹೋಗಿ, ಎದೆಯೊಳಗೇ ಒಡೆದು, ಹೊರಗೆ ಬರದ ಗುಂಡು. ತುದಿಗೆ ಪ್ಲಾಸ್ಟಿಕ್ ಇರುವ ತೆಳು ಕವಚದ ಗುಂಡುಗಳು ಈ ಕೆಲಸಕ್ಕೆ. ಆದರೆ ವೇಗ, ದೂರ, ಬಿದ್ದ ಜಾಗ ಮೂರೂ ಕೂಡಿಬರಬೇಕು. ಒಮ್ಮೆ .22-250ರಲ್ಲಿ 50 ಗಜಕ್ಕೆ ಹೊಡೆದೆ. ಒಳಹೋದ ತೂತು ಮೆಣಸಿನ ಕಾಳಿನಷ್ಟು, ತುಪ್ಪಳ ಊದಿ ಊದಿ ಹುಡುಕಬೇಕಾಯಿತು. ಆಚೆ ಬದಿಯಲ್ಲಿ ನನ್ನ ಮುಷ್ಟಿ ಹೋಗುತ್ತಿತ್ತು. ಮೇಣದ ದಾರದಲ್ಲಿ ಒಳಗಡೆಯಿಂದ ಹೊಲಿಯಲು ಒಂದು ಸಂಜೆ ಪೂರ್ತಿ ಹಿಡಿಯಿತು.

ಕೆಲವರು ಪೂರ್ತಿ ತಾಮ್ರದ ಕವಚದ ಸೈನ್ಯದ ಗುಂಡು ಹಾಕಿ, ತೂತು ಚಿಕ್ಕದಾಗುತ್ತದೆ ಅನ್ನುತ್ತಾರೆ. ತೂತು ಚಿಕ್ಕದೇ. ಪ್ರಾಣಿ ಆ ತೂತು ಹೊತ್ತುಕೊಂಡು ಪಕ್ಕದ ಹೊಲಕ್ಕೆ ಹೋಗಿ ನರಳಿ ಸಾಯುತ್ತದೆ. ನನ್ನ ಜೊತೆ ಬರುವವರಿಗೆ ಅದನ್ನು ತರಬೇಡಿ ಅಂತ ಮೊದಲೇ ಹೇಳುತ್ತೇನೆ.

ದುಡ್ಡಿನ ಆಸೆಗೆ ಚರ್ಮ ಉಳಿಸುವವರು ಒಂದು ತಿಳಿದಿರಿ. ಚಳಿ ಜಾಕೆಟ್ಟಿನ ಟೋಪಿ ಅಂಚಿಗೆ ಕಯೋಟಿ ತುಪ್ಪಳ ಹಾಕುತ್ತಿದ್ದ ಕೆನಡಾ ಗೂಸ್ ಕಂಪನಿ ತುಪ್ಪಳ ಬಿಡುವುದಾಗಿ 2021ರಲ್ಲಿ ಹೇಳಿತು. ಆ ಫ್ಯಾಶನ್ ಜೋರಾಗಿದ್ದ ಕಾಲದ ಬೆಲೆ ಈಗ ಇಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಸೀಸದ ಗುಂಡು ಇಲ್ಲವಂತೆ. ನನ್ನ ಹಳೇ .22-250 ಏನಾಗುತ್ತೆ?

ಹೌದು, 2019ರ ಜುಲೈ 1ರಿಂದ ಇಡೀ ರಾಜ್ಯದಲ್ಲಿ ಬೇಟೆಗೆ ಸೀಸ ನಿಷೇಧ. ಸೀಸದ ಚೂರಿರುವ ಹೆಣ ತಿಂದು ಕಾಂಡೊರ್ ರಣಹದ್ದುಗಳು ಸಾಯುತ್ತಿದ್ದವು, ಮೊದಲು ಅವು ಇರುವ ಕಡೆ ಮಾತ್ರ ತಡೆದಿದ್ದರು. ಆಮೇಲೆ ಎಲ್ಲ ಕಡೆಗೂ ಬಂತು.

ಈಗ ತೊಡಕು ನೋಡಿ. ತಾಮ್ರ ಸೀಸಕ್ಕಿಂತ ಹಗುರ. ಅದೇ ತೂಕ ಬೇಕಾದರೆ ಗುಂಡು ಉದ್ದ ಆಗಬೇಕು. ಉದ್ದ ಗುಂಡು ನೆಟ್ಟಗೆ ಹೋಗಬೇಕಾದರೆ ಜೋರಾಗಿ ತಿರುಗಬೇಕು, ಬುಗುರಿಯ ಹಾಗೆ. ತಿರುಗಿಸುವುದು ನಳಿಗೆಯೊಳಗಿನ ಸುರುಳಿ ಗೀರು. ಹಳೇ .22-250ಗಳಲ್ಲಿ ಆ ಗೀರು ಒಂದು ಸುತ್ತು ಬರಲು 14 ಇಂಚು ತಗೊಳ್ಳುತ್ತದೆ, ಅಂದರೆ ನಿಧಾನ. ಅದರಲ್ಲಿ 55 ಗ್ರೇನ್ ತಾಮ್ರ ಹೊಡೆದರೆ ಗುರಿ ಹಲಗೆಯ ಮೇಲೆ ಗುಂಡು ಅಡ್ಡಡ್ಡ ಬಿದ್ದ ಗುರುತು ಕಾಣಬಹುದು. ಹಗುರವಾದ, 35-36 ಗ್ರೇನಿನ ಸೀಸವಿಲ್ಲದ ಗುಂಡು ಹುಡುಕಿ. ಹೊಸದು ಕೊಳ್ಳುವವರು 8 ಅಥವಾ 9 ಇಂಚಿಗೆ ಒಂದು ಸುತ್ತು ಇರುವ .223 ನೋಡಿದರೆ ಈ ತಲೆನೋವೇ ಇಲ್ಲ.

ಗಾಳಿ ಜೋರಿದ್ದಾಗ ಗುಂಡು ಎಷ್ಟು ಸರಿಯುತ್ತೆ?

ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ. ಗಂಟೆಗೆ 10 ಮೈಲಿಯ ಅಡ್ಡಗಾಳಿ ನಮ್ಮ ಕಡೆ ಗಾಳಿಯೇ ಅಲ್ಲ. ಅಷ್ಟಕ್ಕೇ .223ರ 55 ಗ್ರೇನ್ ಗುಂಡು 300 ಗಜದಲ್ಲಿ ಸುಮಾರು 10 ಇಂಚು ಪಕ್ಕಕ್ಕೆ ಹೋಗುತ್ತದೆ. .22-250 ಎರಡಿಂಚಿನಷ್ಟು ವಾಸಿ. .243ರಲ್ಲಿ 87 ಗ್ರೇನಿನ ಉದ್ದ ಗುಂಡು ಹಾಕಿದರೆ ಆರಿಂಚಿನ ಸುಮಾರಿಗೆ ನಿಲ್ಲುತ್ತದೆ. ಗಾಳಿಗೆ ಉತ್ತರ ಬರೀ ವೇಗ ಅಲ್ಲ, ಗಾಳಿ ಸೀಳುವ ಆಕಾರದ ಉದ್ದ ಗುಂಡು. ಈಚೆಗೆ ಬಂದ .224 ವಾಲ್ಕಿರಿ, .22 ಎಆರ್‌ಸಿ ತೋಟೆಗಳೆಲ್ಲ ಇದೇ ದಾರಿ ಹಿಡಿದವು.

ಗಾಳಿ 25 ಮೈಲಿ ದಾಟಿದ ದಿನ ನಾನು ಹೋಗುವುದಿಲ್ಲ. ಕೂಗು ಕೂಡ ಅವಕ್ಕೆ ಕೇಳುವುದಿಲ್ಲ.

ಗುರಿ ತಪ್ಪಿದರೆ ಗುಂಡು ಎಲ್ಲಿಗೆ ಹೋಗುತ್ತೆ?

ಇದನ್ನು ಕೇಳಿದ್ದು ಒಬ್ಬರೇ, ಆದರೂ ಇಲ್ಲಿ ಸೇರಿಸಿದ್ದೇನೆ. ಚಿಕ್ಕದು ಅಂದುಕೊಂಡ .22 ಲಾಂಗ್ ರೈಫಲ್ ಗುಂಡು ಒಂದು ಮೈಲಿಗಿಂತ ದೂರ ಹೋಗಬಲ್ಲದು. ಹೆಪ್ಪುಗಟ್ಟಿದ ನೆಲಕ್ಕೆ ತಾಗಿ ಜಿಗಿಯುವುದರಲ್ಲಿ ಅದೇ ಮುಂದು. ವೇಗದ ತೆಳು ಗುಂಡುಗಳು ನೆಲಕ್ಕೆ ಬಡಿದರೆ ಹೆಚ್ಚಾಗಿ ಪುಡಿಯಾಗುತ್ತವೆ, ಆದರೆ ಯಾವಾಗಲೂ ಅಲ್ಲ. ದಿಬ್ಬದ ನೆತ್ತಿಯಲ್ಲಿ, ಹಿಂದೆ ಬರೀ ಆಕಾಶ ಇಟ್ಟುಕೊಂಡು ನಿಂತ ಕಯೋಟಿ ಎಷ್ಟು ಚೆನ್ನಾಗಿ ಕಂಡರೂ ಹೊಡೆಯಬೇಡಿ. ದಿಬ್ಬದ ಆಚೆ ದನ ಇರಬಹುದು, ದನದವನೂ ಇರಬಹುದು.

ರಾತ್ರಿ ಥರ್ಮಲ್ ಸ್ಕೋಪ್ ಹಾಕಿ ಹೋಗೋರಿಗೆ ಬೇರೆ ಕ್ಯಾಲಿಬರ್ ಬೇಕಾ?

ಬೇಡ. ರಾತ್ರಿ ದೂರ ಅಂದಾಜು ಸಿಗುವುದಿಲ್ಲ, ಹತ್ತಿರವೇ ಹೊಡೆಯಿರಿ. .223 ಸಾಕು. ಬೇಕಾದದ್ದು ಗುರುತು ಹಿಡಿಯುವ ಕಣ್ಣು. ಮೈಯ ಬಿಸಿ ನೋಡಿ ತೋರಿಸುವ ಥರ್ಮಲ್‌ನಲ್ಲಿ ಎಲ್ಲವೂ ಬಿಳಿ ಬೊಂಬೆ. ಸಾಕುನಾಯಿ, ಕರು, ತೋಳ ಎಲ್ಲ ಅದೇ. ಅರಿಜೋನಾ, ನ್ಯೂ ಮೆಕ್ಸಿಕೊದಲ್ಲಿ ಮೆಕ್ಸಿಕನ್ ತೋಳ ಇದೆ. ಉತ್ತರ ಕೆರೊಲೈನಾದ ಪೂರ್ವದಲ್ಲಿ ಬೆರಳೆಣಿಕೆಯ ಕೆಂಪು ತೋಳಗಳಿವೆ, ಅವು ಇರುವ ಐದು ಕೌಂಟಿಗಳಲ್ಲಿ ಕಯೋಟಿ ಬೇಟೆಗೇ ಕಟ್ಟುಪಾಡು. ಕಯೋಟಿ ಅಂದುಕೊಂಡು ತೋಳ ಹೊಡೆದೆ ಅಂದರೆ ನ್ಯಾಯಾಲಯದಲ್ಲಿ ಕಷ್ಟವಾಗುತ್ತದೆ. ರಾತ್ರಿ ಬೇಟೆಯ ನಿಯಮ ರಾಜ್ಯಕ್ಕೊಂದು ತರ, ಪ್ರತಿ ವರ್ಷ ಹೊಸ ಪುಸ್ತಿಕೆ ನೋಡಿ.

ಬಾಬ್‌ಕ್ಯಾಟ್, ನರಿ, ಪ್ಯೂಮಾ ಇವಕ್ಕೆ?

ಬಾಬ್‌ಕ್ಯಾಟ್ ಅನ್ನುವ ಇಲ್ಲಿನ ಕಾಡುಬೆಕ್ಕಿನ ಮೈ ಮೃದು, ಚರ್ಮಕ್ಕೆ ಬೆಲೆ. .204 ಅಥವಾ .223ರ ಹಗುರ ಗುಂಡು. ಇಲ್ಲಿನ ನರಿ (ಫಾಕ್ಸ್) ನಾಲ್ಕೈದು ಕಿಲೋ ಪ್ರಾಣಿ, .17 ಹಾರ್ನೆಟ್ ಚೆಂದ. ಪ್ಯೂಮಾ, ಅಂದರೆ ಇಲ್ಲಿನ ಬೆಟ್ಟದ ಸಿಂಹ, ಬೇರೆಯೇ ಲೆಕ್ಕ. ಅದಕ್ಕೆ ಬೇರೆ ಪರವಾನಗಿ, .243 ಮತ್ತು ಅದಕ್ಕಿಂತ ಮೇಲಿನದ್ದು. ಕ್ಯಾಲಿಫೋರ್ನಿಯಾದಲ್ಲಂತೂ ಅದನ್ನು ಬೇಟೆಯಾಡುವ ಹಾಗೇ ಇಲ್ಲ.

ಊರಿಗೆ ಬಂದಾಗ ತೋಟದ ನರಿಗೆ, ಹಂದಿಗೆ ಯಾವುದು ಒಳ್ಳೇದು?

ಯಾವುದೂ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಈಗ ನಮ್ಮಲ್ಲಿ ಮೋಜಿನ ಶಿಕಾರಿ ಅನ್ನುವುದೇ ಇಲ್ಲ. ಕೊಡಗಿನವರಿಗೆ ಕೋವಿ ಲೈಸೆನ್ಸ್‌ನಿಂದ ಇರುವ ವಿನಾಯಿತಿ ನೆನಪಿಸಿ ವಾದ ಮಾಡುವವರಿದ್ದಾರೆ. ಅದು ಕೋವಿ ಇಟ್ಟುಕೊಳ್ಳುವುದಕ್ಕೆ, ಪ್ರಾಣಿ ಹೊಡೆಯುವುದಕ್ಕಲ್ಲ.

ಒಂದು ತೋಟೆ ಕೀ ಚೈನ್ ಮಾಡೋಕೆ ತಂದುಕೊಡ್ತೀರಾ ಅಂತ ತಮ್ಮ ಕೇಳ್ತಿದಾನೆ. ತರಬಹುದಾ?

ಬೇಡವೇ ಬೇಡ. ಬ್ಯಾಗಿನಲ್ಲಿ ಒಂದು ಜೀವಂತ ತೋಟೆ ಸಿಕ್ಕರೂ ಭಾರತದ ವಿಮಾನ ನಿಲ್ದಾಣದಲ್ಲಿ ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಸು ಬೀಳುತ್ತದೆ. ಮರೆತು ಬಂತು ಅಂತ ಬಿಡಿಸಿಕೊಳ್ಳಲು ವಕೀಲರನ್ನು ಹಿಡಿದು ಓಡಾಡಬೇಕು. ಹೊಡೆದ ತೋಟೆಯ ಖಾಲಿ ಕೊಪ್ಪೆಯನ್ನೂ ತರಬೇಡಿ, ತಪಾಸಣೆಯವರಿಗೆ ವಿವರಿಸುತ್ತಾ ನಿಂತರೆ ವಿಮಾನ ಹೋಗಿರುತ್ತದೆ.

ಎರಡು ವರ್ಷದ ಹಿಂದೆ ಊರಿಗೆ ಹೊರಡುವ ದಿನ ಚಳಿ ಜಾಕೆಟ್ ಮಡಚುತ್ತಿದ್ದೆ. ಅಂಚಿನಲ್ಲಿ ಏನೋ ಗಟ್ಟಿಯಾಗಿ ಕೈಗೆ ತಾಗಿತು. ಜೇಬಿನ ಹೊಲಿಗೆ ಬಿಟ್ಟುಹೋಗಿ, ಬಟ್ಟೆಯ ಎರಡು ಪದರದ ನಡುವೆ ಒಂದು .223 ಇಳಿದು ಕೂತಿತ್ತು. ಈಗ ಬೇಟೆಯ ಜಾಕೆಟ್ಟು, ಬೇಟೆಯ ಬ್ಯಾಗು ಎರಡೂ ಗ್ಯಾರೇಜಿನಲ್ಲೇ ಇರುತ್ತವೆ. ಮನೆಯೊಳಗೆ ಬರುವುದೇ ಇಲ್ಲ.